ಪಾಲಿನ ಕೋಳಿಯ ಪರವಾನಗಿ

ನಮ್ಮ ಮನೆಯ ಬೀರುವಿನ ಕೀಲಿಕೈಗೆ ಒಂದು ತಗಡಿನ ಬಿಲ್ಲೆ ಕಟ್ಟಿದೆ. ಹಳೆಯ ಎಂಟಾಣೆಗಿಂತ ಕೊಂಚ ದೊಡ್ಡದು, ಒಂದಂಚು ಸೊಟ್ಟಗಾಗಿದೆ, ನಡುವೆ ಏಳು ಎಂಬ ಅಂಕಿ ಇದೆ. ಅದರ ಕೆಳಗೆ ಇದ್ದ ಅಕ್ಷರಗಳು ಈಗ ಬೆರಳಿಗೆ ಸಿಗುತ್ತವೆಯೇ ಹೊರತು ಕಣ್ಣಿಗೆ ಕಾಣುವುದಿಲ್ಲ. ಹೋದ ತಿಂಗಳು ಬೀರು ಸರಿಮಾಡಲು ಬಂದ ಕೀಲಿ ರಿಪೇರಿಯವನು, "ಅಮ್ಮಾರ, ಈ ತುಕ್ಕ ಹಿಡದ ತಗಡ ಒಗೀರಿ, ಚಲೋ ಒಂದು ಕೀಲಿ ಬಳಿ ಹಾಕಿ ಕೊಡ್ತೇನಿ" ಎಂದ. ನಾನು ಕಸಿದುಕೊಂಡ ರಭಸಕ್ಕೆ ಅವನ ಕೈಯಲ್ಲಿದ್ದ ಅರ ಕೆಳಗೆ ಬಿತ್ತು. "ಇದು ಕೋಳಿ ಮಾರೋ ಲೈಸನ್ಸ್ ಐತಪಾ" ಎಂದೆ. ಅವನು ಬಿಲ್ಲೆ ನೋಡಿದ, ನನ್ನ ಹಣೆಯ ವಿಭೂತಿ ನೋಡಿದ, ಮತ್ತೆ ಬಿಲ್ಲೆ ನೋಡಿದ. ಮುಂದೆ ಏನೂ ಕೇಳದೆ ಕೆಲಸ ಮುಗಿಸಿ ಹೋದ.

ಅವನು ಕೇಳಲಿಲ್ಲ, ಆದರೆ ನನಗೆ ಹೇಳದೆ ಇರಲಾಗುತ್ತಿಲ್ಲ. ನೀವಾದರೂ ಕೇಳಿಸಿಕೊಳ್ಳಿ.

ನನ್ನ ತವರು ಇಂಗಳೇಶ್ವರ. ಕೊಟ್ಟದ್ದು ಇಂಡಿಗೂ ಸಿಂದಗಿಗೂ ನಡುವಿನ ಒಂದು ಊರಿಗೆ. ಹೆಸರು ಬೇಡ, ಅಲ್ಲಿ ನಮ್ಮವರು ಇನ್ನೂ ಇದ್ದಾರೆ. ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿತ್ತು. ನಾನು ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಆ ಕಾಲಕ್ಕೆ ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದ ಹುಡುಗಿ ಎಂದರೆ ಸಾಮಾನ್ಯವೇ? ಮದುವೆಯಾಗಿ ಬಂದ ವಾರದೊಳಗೆ ಓಣಿಯವರ ಪತ್ರಗಳೆಲ್ಲ ನನ್ನ ಕೈಗೆ ಬಂದವು. ನನ್ನ ಗಂಡ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರು ಬರೆಯುವ ಕಾಗದದಲ್ಲಿ ನಾನು ಕಾಗುಣಿತದ ತಪ್ಪು ಹುಡುಕುತ್ತಿದ್ದೆ ಎಂದರೆ ನನ್ನ ಜಂಬ ಎಷ್ಟಿತ್ತೆಂದು ಲೆಕ್ಕ ಹಾಕಿಕೊಳ್ಳಿ.

ಮನೆಯಲ್ಲಿ ಮಾವ, ಅತ್ತೆ, ನಾನು, ಮೂರೇ ಜನ. ಮಾವ ಊರ ಪಂಚಾಯ್ತಿಯ ಮೆಂಬರು. ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ, ಮಾತು ಕಡಿಮೆ, ಬಿಡುವಾದಾಗ ಪಡಸಾಲೆಯ ಕಂಬಕ್ಕೆ ಒರಗಿ ಪುರಾಣ ಓದುವರು. ಅತ್ತೆಯ ಹೆಸರು ನೀಲವ್ವ. ಆ ಹೆಸರನ್ನು ನಾನು ಮನೆಗೆ ಬಂದು ಮೂರು ತಿಂಗಳಾದರೂ ಕೇಳಿರಲಿಲ್ಲ. ಮಾವ "ಏ, ಇಲ್ಲಿ ನೋಡು" ಎನ್ನುವರು, ಮಂದಿ "ಯಜಮಾನ್ರ ಮನಿಯವ್ರು" ಎನ್ನುವರು. ಹೊಲ ಮಾವನದು, ಮನೆ ಮಾವನಿಗೂ ಅವರ ಅಣ್ಣಂದಿರಿಗೂ ಸೇರಿದ್ದು, ಅತ್ತೆ ತವರಿನಿಂದ ತಂದ ಬಂಗಾರ ಮಗಳ ಮದುವೆಗೆ ಹೋಗಿತ್ತು. ಅತ್ತೆಯದು ಎಂದು ಬೆರಳು ಮಾಡಿ ತೋರಿಸಲು ಆ ಮನೆಯಲ್ಲಿ ಏನೂ ಇರಲಿಲ್ಲ ಎಂದು ನಾನು ತಿಳಿದಿದ್ದೆ.

ಹಿತ್ತಿಲ ಗೋಡೆಯಲ್ಲಿ ಒಂದು ಕಲ್ಲು ಬಿದ್ದು ಕಂಡಿಯಾಗಿತ್ತು. ಅತ್ತೆ ದಿನಾ ಜೋಳ ಹಸನು ಮಾಡಿದ ಮೇಲೆ ಉಳಿದ ನುಚ್ಚನ್ನು ಆ ಕಂಡಿಯಲ್ಲಿ ಸುರಿಯುತ್ತಿದ್ದರು. "ಯಾಕ್ರಿ ಅತ್ತೀ" ಎಂದರೆ "ಗುಬ್ಬಿಗೆ" ಎನ್ನುವರು. ಅಷ್ಟು ಜೋರಾಗಿ ಚಿಂವ್ ಚಿಂವ್ ಎನ್ನುವ ಗುಬ್ಬಿಗಳನ್ನು ನಾನು ಇಂಗಳೇಶ್ವರದಲ್ಲಿ ಕಂಡಿರಲಿಲ್ಲ. ಒಂದು ದಿನ ಮಾವ ಹೊಲಕ್ಕೆ ಹೋದಾಗ ಅತ್ತೆ ಆ ಕಂಡಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದರು.

"ಕರೀದು ಎಲ್ಲೈತಿ? ಎರಡು ದಿನ ಆತು ಕಾಣವಲ್ದು."

ಆ ಕಡೆಯಿಂದ ಉತ್ತರ ಬಂತು. "ಐತೆಕ್ಕಾ. ಕಾವಿಗೆ ಕುಂತೈತಿ. ಹನ್ನೊಂದು ತತ್ತಿ ಇಟ್ಟೇನಿ."

ಅತ್ತೆ ತಿರುಗಿದರು, ನನ್ನನ್ನು ಕಂಡರು. ಬೈಯಲಿಲ್ಲ, ನಾಚಲೂ ಇಲ್ಲ. "ಮುಲ್ಕಿ ಓದಿದಾಕಿ, ತಿಳೀತಲ್ಲ, ಬಾಯಿ ಮುಚ್ಚಿಕೊಂಡಿರು" ಎಂದರು.

ಆ ಕಡೆಯವಳು ಹುಸೇನಮಾ. ಗಂಡನಿಲ್ಲ, ಮಕ್ಕಳಿಲ್ಲ, ಕೋಳಿ ಸಾಕಿ ಮರಿ ಮಾರಿ ಬದುಕುವವಳು. ಅತ್ತೆಯನ್ನು ಅಕ್ಕ ಎನ್ನುತ್ತಿದ್ದಳು, ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ಕೆಲವು ವರ್ಷದ ಹಿಂದೆ ಎಲ್ಲಿಂದಲೋ ಬಂದ ಒಂದು ಕರಿ ಹೇಂಟೆ ನಮ್ಮ ಕಣಕಿಯ ಬಣವೆಯಲ್ಲಿ ಸೇರಿಕೊಂಡಿತ್ತಂತೆ. ಡಂಗುರ ಹೊಡೆಸಿದರೂ ಯಾರೂ ತಮ್ಮದೆನ್ನಲಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಓಡಿಸಿದರೆ ಸಂಜೆಗೆ ಮತ್ತೆ ಹಾಜರು. ಕೊನೆಗೆ ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿ ಹುಸೇನಮಾಗೆ ಪಾಲಿಗೆ ಕೊಟ್ಟರು. ಎಮ್ಮೆಕರು, ಆಡು ಪಾಲಿಗೆ ಕೊಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಬ್ಬರದು ಜೀವ, ಇನ್ನೊಬ್ಬರದು ಸಾಕುವ ಜ್ವಾಕಿ, ಹುಟ್ಟಿದ್ದರಲ್ಲಿ ಸರಿಪಾಲು. ಕಾಗದವಿಲ್ಲ, ಸಾಕ್ಷಿಯಿಲ್ಲ, ಮಾತೇ ಎಲ್ಲ. ಅತ್ತೆ ಹಾಕಿದ ಕರಾರು ಒಂದೇ. "ನನ್ನ ಪಾಲಿನ್ವು ಕೊಯ್ಯವರಿಗೆ ಕೊಡಬ್ಯಾಡ. ಮರಿ ಇದ್ದಾಗ ಸಾಕವರಿಗೆ ಕೊಡು." ಸಾಕಿದವರು ಆಮೇಲೆ ಆ ಕೋಳಿಗೆ ಆರತಿ ಎತ್ತುತ್ತಾರೆಯೇ ಎಂದು ನಾನು ಒಮ್ಮೆ ಕೇಳಿ ಎರಡು ದಿನ ಮಾತು ಬಿಡಿಸಿಕೊಂಡೆ.

ಆ ಪಾಲಿನಿಂದ ಅತ್ತೆ ಏನು ಕೊಂಡರು? ಸೀರೆಯಿಲ್ಲ, ಬಳೆಯಿಲ್ಲ. ಸಾಲೋಟಗಿಯಲ್ಲಿದ್ದ ಅಕ್ಕನ ಮನೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಹೋಗಲೇ ಎಂದು ಮಾವನನ್ನು ಕೇಳುವರು, ಟಿಕೀಟಿಗೆ ಕೊಡಿ ಎಂದು ಮಾತ್ರ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅತ್ತೆಯ ಮುಖ ನೀವು ನೋಡಬೇಕಿತ್ತು. ನಾನು ನೋಡಿದ್ದೇನೆ.

ಆಮೇಲೆ ಕಾನೂನು ಬಂತು. ಬಂದದ್ದು ತಪ್ಪಲ್ಲ. ಒಂದರ ಹಿಂದೊಂದು ಎರಡು ಬೇಸಿಗೆ ಕೊಕ್ಕರೆ ರೋಗ ಬಡಿದು ಊರ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸತ್ತಿದ್ದವು. ಸಂತೆಯಲ್ಲಿ ಕೊಂಡ ಮರಿಗಳೇ ರೋಗ ತರುತ್ತವೆ ಎಂದು ದನದ ದವಾಖಾನೆಯ ಡಾಕ್ಟರು ಹೇಳಿದರು. ಪಂಚಾಯ್ತಿ ಕೂತು ಠರಾವು ಮಾಡಿತು. ಹಲಗೆ ಬಾರಿಸುವವನು ಓಣಿ ಓಣಿಯಲ್ಲಿ ಕೂಗಿದ. ಪಂಚಾಯ್ತಿಯ ಪರವಾನಗಿ ಇಲ್ಲದೆ ಸಂತೆಯಲ್ಲಿ ಕೋಳಿಮರಿ ಮಾರಕೂಡದು. ರೆಕ್ಕೆಗೆ ಸೂಜಿ ಹಾಕಿಸಿದ ಚೀಟಿ ದವಾಖಾನೆಯಿಂದ ತರಬೇಕು, ಅದು ಒಂದು ತಿಂಗಳು ಮಾತ್ರ ನಡೆಯುತ್ತದೆ. ಸೂಜಿ ಹಾಕುವ ವಯಸ್ಸಾಗದ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ತರುವಂತಿಲ್ಲ. ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದು ತರುವಂತಿಲ್ಲ, ಮುಚ್ಚಳದ ಬುಟ್ಟಿಯೇ ಬೇಕು. ಪರವಾನಗಿ ಸಿಕ್ಕವರು ಬಿಲ್ಲೆ ಹಾಕಿಕೊಂಡು ಕೂಡಬೇಕು. ಠರಾವಿಗೆ ಮೊದಲ ಸಹಿ ನಮ್ಮ ಮಾವನದು. ಕೋಳಿಯ ನೆರಳು ಬೀಳದ ಮನೆಯವರು ಇದರಲ್ಲಿ ಪಕ್ಷಪಾತ ಮಾಡುವುದಿಲ್ಲ ಎಂದು ಉಳಿದ ಮೆಂಬರುಗಳು ಪೆನ್ನನ್ನು ಅವರಿಗೇ ಮೊದಲು ಕೊಟ್ಟರಂತೆ.

ಬಹಳ ಮಂದಿ ಗೊಣಗಿದರು. ಹುಸೇನಮಾ ಗೊಣಗಲಿಲ್ಲ. ಆ ಸಲದ ಮರಿಗಳು ಎರಡು ತಿಂಗಳಿನವಾಗಿದ್ದವು, ಮಾರಲು ಅದೇ ಹದ. ಬುಟ್ಟಿಗೆ ಮುಚ್ಚಳ ಹೆಣೆಸಿದಳು, ಮರಿಗಳಿಗೆ ಸೂಜಿ ಹಾಕಿಸಿ ಚೀಟಿ ತಂದಳು, ಫಾರ್ಮು ಹಿಡಿದು ನಮ್ಮ ಹಿತ್ತಿಲಿಗೆ ಬಂದಳು.

"ತುಂಬಿ ಕೊಡವಾ. ನಿನ್ನ ಅಕ್ಷರ ಮುತ್ತಿನಂಗ ಅದಾವಂತ."

ನನ್ನ ಅಕ್ಷರವನ್ನು ಹೊಗಳಿದವರಿಗೆ ನಾನು ಆಗ ಜೀವ ಬೇಕಾದರೂ ಕೊಡುತ್ತಿದ್ದೆ. ಮಸಿಯ ದೌತಿ, ಬರೆಯುವ ಟಾಕು ತಂದು ಕೂತೆ. ಅತ್ತೆ ಬಾವಿಗೆ ಹೋಗಿದ್ದರು. ಕೋಳಿಗಳ ಬಣ್ಣ ಬರೆದೆ, ಗೂಡಿನ ಜಾಗ ಬರೆದೆ. ಆಮೇಲೆ ಬಂತು "ಮಾಲಕರ ಹೆಸರು" ಎಂಬ ಸಾಲು.

"ಮಾಲಕರು ಯಾರು ಚಿಗವ್ವ?"

"ಅರ್ಧಾ ನಾನು, ಅರ್ಧಾ ನಿಮ್ಮತ್ತಿ. ನಿನಗ ಗೊತ್ತಿದ್ದದ್ದ ಐತಲ್ಲ."

ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿರು ಎಂದದ್ದೂ ಗೊತ್ತಿತ್ತು. ಆದರೆ ನಾನು ಮುಚ್ಚಿಕೊಂಡದ್ದು ಬಾಯಿಯನ್ನು, ಟಾಕನ್ನಲ್ಲ. ಸರಕಾರಿ ಕಾಗದದಲ್ಲಿ ಸುಳ್ಳು ಬರೆಯಬಾರದು ಎಂದು ಸಾಲೆಯಲ್ಲಿ ಕಲಿಸಿದ್ದರು. ನೀಟಾಗಿ, ದುಂಡಗೆ, "ಹುಸೇನಮಾ ಹಾಗೂ ನೀಲವ್ವ" ಎಂದು ಬರೆದು ಮೇಲೆ ಒಣ ಮಣ್ಣು ಉದುರಿಸಿ ಮಸಿ ಆರಿಸಿದೆ. ಹುಸೇನಮಾ ಹೆಬ್ಬಟ್ಟು ಒತ್ತಿ ಒಯ್ದಳು. ಆ ದಿನ ಸಂಜೆಯವರೆಗೂ ನಾನು ಊರಿಗೆ ಉಪಕಾರ ಮಾಡಿದವಳ ಹಾಗೆ ಓಡಾಡಿದೆ.

ಪಂಚಾಯ್ತಿಯವರು ಅರ್ಜಿದಾರರ ಹೆಸರುಗಳನ್ನು ತಕರಾರು ಇದ್ದವರು ಹೇಳಲಿ ಎಂದು ಹೊರಗಿನ ಹಲಗೆಗೆ ಅಂಟಿಸುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ಏಳನೆಯ ಸಾಲಿನಲ್ಲಿ ಮಾಲಕರ ಹೆಸರೂ, ಮನೆಯ ಗುರುತೂ ಇದ್ದವು. ಊರಲ್ಲಿ ಓದು ಬರುವವರು ಕಡಿಮೆ, ಇದೊಂದು ಸಾಲನ್ನು ಮಾತ್ರ ಎಲ್ಲರೂ ಓದಿದರು.

ಮಾವ ಮಧ್ಯಾಹ್ನ ಮನೆಗೆ ಬಂದರು. ರುಮಾಲು ಗೂಟಕ್ಕೆ ಹಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ನಮ್ಮ ಮನ್ಯಾಗ ಕೋಳಿ ಅದಾವೇನು?"

ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದರು. "ಮನ್ಯಾಗಿಲ್ಲ" ಎಂದರು.

"ಆ ಹೆಸರು ತಗಸು. ಆಕೀ ಹೆಸರಿಲೆ ಅಷ್ಟ ಇರಲಿ. ನಾ ಆ ಪಂಚಾಯ್ತಿ ಕಟ್ಟೀಮ್ಯಾಲ ಹ್ಯಾಂಗ ಕುಂದರ್ಲಿ?"

ಅಷ್ಟೇ ಹೇಳಿ ಊಟಕ್ಕೆ ಕೂತರು. ಮಾವ ಹೋದ ಮೇಲೆ ಅತ್ತೆಯ ಕಾಲು ಹಿಡಿದೆ. ಅವರು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. "ನೀ ಬರದದ್ದು ಖರೇ ಐತಿ" ಎಂದಷ್ಟೇ ಹೇಳಿ ಪಾತ್ರೆಗಳ ಕಡೆ ಹೋದರು.

ಸೆಕ್ರೆಟರಿ ಹುಸೇನಮಾಳನ್ನು ಕರೆಸಿದರು. ಅವರು ಕೆಟ್ಟವರಲ್ಲ, ಯಜಮಾನರ ಮರ್ಯಾದೆ ಉಳಿಸಬೇಕೆಂದಷ್ಟೇ ಅವರ ಆಸೆ. ಒಂದು ಹೆಸರಿಗೆ ಗೀಟು ಎಳೆದು, ಕೋಳಿಗಳೆಲ್ಲ ನನ್ನ ಒಬ್ಬಳವೇ ಎಂದು ಅವಳು ಹೆಬ್ಬಟ್ಟು ಒತ್ತಿದರೆ ಇವತ್ತೇ ಬಿಲ್ಲೆ ಎಂದರು. ಇಲ್ಲವಾದರೆ ಕಾಯಿದೆ ಪ್ರಕಾರ ಇಬ್ಬರು ಮಾಲಕರೂ ಕಚೇರಿಗೆ ಬಂದು ಒತ್ತಬೇಕು, ಒಬ್ಬೊಬ್ಬರಿಗೂ ಇವರ ಗುರುತು ಬಲ್ಲೆ ಎಂದು ಒಬ್ಬ ಮೆಂಬರು ಸಹಿ ಹಾಕಬೇಕು. ಗೀಟು ಎಳೆಯುವುದು ಸುಲಭವಿತ್ತು. ಹುಸೇನಮಾ ಒಪ್ಪಲಿಲ್ಲ. ಕಂಡಿಯ ಬಳಿ ಬಂದು ಅತ್ತೆಗೆ ಹೇಳಿದ್ದನ್ನು ನಾನೂ ಕೇಳಿದೆ.

"ನೀ ಅಂಜಬ್ಯಾಡಕ್ಕಾ. ನಾ ನಿನಗ ಕಚೇರಿಗೆ ಬಾ ಅನ್ನಾಂಗಿಲ್ಲ. ಆದ್ರ ಪಾಲಿನ ಕೋಳಿ ನಂದ ಒಬ್ಬಾಕೀದು ಅಂತ ಬೆರಳು ಒತ್ತಾಕಿ ನಾ ಅಲ್ಲ. ಇವತ್ತ ಕಾಗದದಾಗ ನಿನ್ನ ಹೆಸರ ಅಳಿಸಿದ್ರ, ನಾಳಿ ಮನಸನ್ಯಾಗೂ ಅಳಿಸೇನು."

"ಹುಚ್ಚಿ, ಹೊಟ್ಟಿಗೇನು ಮಾಡ್ತಿ?"

"ನೋಡೂಣು."

ಸಂತೆಯ ದಿನ ಬಂತು. ಹುಸೇನಮಾ ಎಂದಿನಂತೆ ಹೋದಳು. ಬೇವಿನ ಮರದ ಬುಡದಲ್ಲಿ ಅವಳ ಜಾಗದಲ್ಲಿ ಹೊಸ ಮುಚ್ಚಳದ ಬುಟ್ಟಿ ಇಟ್ಟುಕೊಂಡು ಕೂತಳು. ಬುಟ್ಟಿ ಖಾಲಿ. ಮುದ್ದೇಬಿಹಾಳದ ಕಡೆಯಿಂದ ಮರಿ ಒಯ್ಯಲು ಬರುವ ಗಿರಾಕಿ ಮುಚ್ಚಳ ತೆಗೆದು ನೋಡಿ, "ಮರಿ ಎಲ್ಲಿ?" ಎಂದ. "ಮನ್ಯಾಗ ಅದಾವ. ಪರವಾನಗಿ ಬರ್ಲಿ, ಕೊಡ್ತೇನಿ" ಎಂದಳು. ಜಾಗ ಬಿಟ್ಟರೆ ಬೇರೆಯವರು ಕೂಡುತ್ತಾರೆ, ಮರಿ ತಂದರೆ ಕಾಯಿದೆ ಮುರಿದಂತಾಗುತ್ತದೆ. ಅದಕ್ಕೆ ಬೆಳಗಿನಿಂದ ಸಂಜೆಯವರೆಗೆ ಖಾಲಿ ಬುಟ್ಟಿ ಕಾದಳು. ಮರುವಾರವೂ ಹಾಗೆಯೇ. ಅದರ ಮರುವಾರವೂ. ಹೋಗಿ ಬರುವವರು ನಗುತ್ತಿದ್ದರು. ಸೂಜಿಯ ಚೀಟಿಯ ತಿಂಗಳು ಮುಗಿಯಲು ಇನ್ನೊಂದೇ ಸಂತೆ ಉಳಿದಿತ್ತು. ಆಮೇಲೆ ಮರಿಗಳ ಹದವೂ ಮೀರುತ್ತಿತ್ತು. ಆಗ ಅವನ್ನು ಕೇಳುವವರು ಕೊಯ್ಯುವವರು ಮಾತ್ರ.

ನಾನು ಹೊಸ ಫಾರ್ಮು ತಂದೆ. "ಅತ್ತೀ, ನನ್ನ ತಪ್ಪಿಗೆ ನಾನ ಸುಳ್ಳ ಬರೀತೇನ್ರಿ, ಒಂದ ಹೆಸರಿಲೆ" ಎಂದೆ. ಅತ್ತೆ ಆ ಫಾರ್ಮನ್ನು ಮಡಚಿ ಒಲೆಗೆ ಹಾಕಿದರು.

ಆ ಕೊನೆಯ ಸಂತೆಯ ದಿನ ಬೆಳಿಗ್ಗೆ ಅತ್ತೆ ಇಳಕಲ್ಲ ಸೀರೆ ಉಟ್ಟರು. ಸಾಲೋಟಗಿಗೆ ಹೋಗುವಾಗ ಮಾತ್ರ ಉಡುವ ಸೀರೆ ಅದು. ಮಾವ ಆಗಲೇ ಪಂಚಾಯ್ತಿಗೆ ಹೋಗಿದ್ದರು. "ನಡಿ, ಓದಾಕ ಒಬ್ಬರು ಬೇಕು" ಎಂದು ನನ್ನನ್ನೂ ಹೊರಡಿಸಿದರು. ದಾರಿಯಲ್ಲಿ ಹುಸೇನಮಾಳ ಬಾಗಿಲಲ್ಲಿ ನಿಂತು, "ಇವತ್ತ ಬುಟ್ಟ್ಯಾಗ ಮರಿ ತುಂಬು" ಎಂದಷ್ಟೇ ಹೇಳಿ ಮುಂದೆ ನಡೆದರು. ಅವರು ನೆಲ ನೋಡದೆ ನಡೆಯುತ್ತಿದ್ದರು.

ಕಚೇರಿಯ ಬಾಕಿನ ಮೇಲೆ ಮಾವ ಮತ್ತು ಇನ್ನಿಬ್ಬರು ಮೆಂಬರುಗಳಿದ್ದರು. ಹುಸೇನಮಾ ಬುಟ್ಟಿ ಹೊತ್ತು ಹಿಂದೆಯೇ ಬಂದು ಹೊರಗೆ ಮೆಟ್ಟಿಲ ಬಳಿ ನಿಂತಳು. ಸೆಕ್ರೆಟರಿ ಎದ್ದು ನಿಂತರು.

"ಅವ್ವಾರ, ನೀವ್ಯಾಕ ಬರಾಕ ಹೋದ್ರಿ. ಹೇಳಿ ಕಳಿಸಿದ್ರ ನಾನ ಮನಿಗೆ ಬರ್ತಿದ್ದೆ. ಒಂದು ಗೀಟ ಎಳದ್ರ ಮುಗೀತ್ರಿ."

"ಗೀಟ ಎಳಸಾಕ ಬಂದಿಲ್ರಿ. ಹೆಬ್ಬಟ್ಟು ಒತ್ತಾಕ ಬಂದೇನಿ."

ಸೆಕ್ರೆಟರಿ ಮಾವನ ಕಡೆ ನೋಡಿದರು. ಮಾವ ನೆಲ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಸೆಕ್ರೆಟರಿ ಅರ್ಜಿ ತೆಗೆದು, "ಹಂಗಾದ್ರ ಗಂಡನ ಹೆಸರ ಹೇಳ್ರಿ, ಬರಕೋತೇನಿ" ಎಂದರು. ಗಂಡನ ಹೆಸರನ್ನು ಹೆಂಗಸರು ಬಾಯಿಂದ ಆಡುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲದೆ ಏನಲ್ಲ. ಇಲ್ಲಿಗೆ ನಿಂತೀತು ಎಂದುಕೊಂಡಿದ್ದರು ಎಂದು ಕಾಣುತ್ತದೆ.

ಅತ್ತೆ ನನ್ನ ಕಡೆ ತಿರುಗಿದರು. "ಕಾಗದದಾಗ ಗಂಡಂದು ಕೇಳೇತೇನು? ಓದು."

ನಾನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಒಂದಕ್ಷರ ತಪ್ಪಲಿಲ್ಲ. ಕೋಳಿಗಳ ಬಣ್ಣ ಕೇಳಿತ್ತು, ಗೂಡಿನ ಜಾಗ ಕೇಳಿತ್ತು, ಸೂಜಿಯ ಚೀಟಿ ಕೇಳಿತ್ತು, ಮಾಲಕರ ಹೆಸರು ಕೇಳಿತ್ತು. "ಗಂಡನ ಹೆಸರು ಕೇಳಿಲ್ರಿ ಅತ್ತೀ" ಎಂದೆ. ಮುಲ್ಕಿ ಪಾಸಾದದ್ದು ಸಾರ್ಥಕವಾದದ್ದು ಆ ಒಂದು ಕ್ಷಣದಲ್ಲಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಕೋಳಿ ಯಾರದು ಅಂತ ಅಷ್ಟ ಕೇಳೇತಿ. ಕರೀ ಕೋಳಿ ನಂದು. ಆಕೀಗೆ ಪಾಲಿಗೆ ಕೊಟ್ಟೇನಿ. ಬರ್ಕೊರಿ" ಎಂದು ಅತ್ತೆ ಮಸಿಯ ಡಬ್ಬಿಗೆ ಬೆರಳು ಅದ್ದಿ, ನನ್ನ ಮುತ್ತಿನಂಥ ಅಕ್ಷರಗಳ ಮುಂದೆ ಒತ್ತಿದರು.

"ಇನ್ನ ಗುರ್ತಿನ ಸಹಿ ಒಂದು ಬೇಕ್ರಿ" ಎಂದರು ಸೆಕ್ರೆಟರಿ, ದನಿ ತಗ್ಗಿಸಿ. ಹುಸೇನಮಾಳ ಹೆಸರಿಗೆ ಒಬ್ಬ ಮೆಂಬರು ಮೊದಲೇ ಸಹಿ ಹಾಕಿದ್ದರು. ಅತ್ತೆಗೆ ಯಾರು ಹಾಕಬೇಕು? ಬಾಕಿನ ಮೇಲಿದ್ದ ಒಬ್ಬರು ಜಂತಿ ನೋಡಿದರು, ಇನ್ನೊಬ್ಬರು ಎಲೆಅಡಿಕೆಯ ಸಂಚಿಯಲ್ಲಿ ಏನೋ ಹುಡುಕತೊಡಗಿದರು. ಯಜಮಾನರ ಎದುರಿಗೆ ಅವರ ಹೆಂಡತಿಯ ಗುರುತು ಬಲ್ಲೆ ಎಂದು ಬರೆದುಕೊಡುವ ಗಂಡಸು ನಮ್ಮ ಊರಲ್ಲಿರಲಿಲ್ಲ. ಹೊರಗೆ ಬುಟ್ಟಿಯಲ್ಲಿ ಮರಿಗಳ ಸದ್ದು ಕೇಳುತ್ತಿತ್ತು.

ಅತ್ತೆ ಸೆರಗನ್ನು ಹಣೆಗೆ ಎಳೆದುಕೊಂಡು ಮಾವನ ಮುಂದೆ ಹೋಗಿ ನಿಂತರು. ನಾಲ್ಕು ಜನರ ನಡುವೆ ಅವರು ಮಾವನೊಡನೆ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಮೂವತ್ತು ವರ್ಷ ಆತು ನಿಮ್ಮ ಮನ್ಯಾಗ ರೊಟ್ಟಿ ಬಡ್ಯಾಕ ಹತ್ತಿ. ನನ್ನ ಗುರ್ತ ಐತೇನ್ರಿ ನಿಮಗ?"

ಮಾವ ತಲೆ ಎತ್ತಿದರು. ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಟೇಬಲ್ಲಿಗೆ ಹೋಗಿ, ಸೆಕ್ರೆಟರಿಯ ಕೈಯಿಂದ ಪೆನ್ನು ತೆಗೆದುಕೊಂಡು, "ನೀಲವ್ವನ ಗುರುತು ನಾನು ಬಲ್ಲೆ" ಎಂದು ಪೂರಾ ಬರೆದು ಸಹಿ ಹಾಕಿದರು. ಊದಿ ಮಸಿ ಆರಿಸಿದರು.

"ಬಿಲ್ಲೆ ಕೊಡ್ರಿ. ಸಂತಿ ಹೊತ್ತಾಗತೈತಿ."

ಹುಸೇನಮಾ ಏಳನೆಯ ನಂಬರಿನ ಬಿಲ್ಲೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಬೇವಿನ ಬುಡಕ್ಕೆ ಹೋದಳು. ಮುದ್ದೇಬಿಹಾಳದ ಕಡೆಯವನು ಮಧ್ಯಾಹ್ನದೊಳಗೆ ಎಲ್ಲ ಮರಿಗಳನ್ನೂ ಒಯ್ದ. ಸಂಜೆ ಕಂಡಿಯಲ್ಲಿ ಅತ್ತೆ ಕೇಳಿದ ಮೊದಲ ಮಾತು, "ಸಾಕಾಕ ಒಯ್ದ್ನೋ, ಹ್ಯಾಂಗ?" "ಸಾಕಾಕ ಅಂದಾನಕ್ಕಾ" ಎಂದಳು ಹುಸೇನಮಾ. ಅದು ಎಷ್ಟು ಖರೆಯೋ ದೇವರೇ ಬಲ್ಲ. ಅವಳು ಇರುವವರೆಗೂ ಆ ಬಿಲ್ಲೆಯನ್ನು ಸಂತೆಗೆ ಹಾಕಿಕೊಂಡೇ ಹೋದಳು, ಕೊನೆಗೆ ಕಾಯಿಲೆ ಬಿದ್ದಾಗ ಅದನ್ನು ಕಂಡಿಯಿಂದ ಅತ್ತೆಯ ಕೈಗೆ ದಾಟಿಸಿದಳು. ಅತ್ತೆಯಿಂದ ನನಗೆ ಬಂತು. ಕೀಲಿಯವನಿಗೆ ಇಷ್ಟೆಲ್ಲ ಹೇಳಲು ಎಲ್ಲಿ ಹೊತ್ತಿತ್ತು?

ಆದರೆ ಬಿಲ್ಲೆ ಕಂಡಾಗಲೆಲ್ಲ ನನಗೆ ಮೊದಲು ನೆನಪಾಗುವುದು ಕಚೇರಿಯಲ್ಲ. ಮಾವ ಆ ವಿಷಯವನ್ನು ಮನೆಯಲ್ಲಿ ಒಮ್ಮೆಯೂ ಎತ್ತಲಿಲ್ಲ. ಹೊಗಳಲಿಲ್ಲ, ಹಂಗಿಸಲಿಲ್ಲ. ಆ ಚಳಿಗಾಲ ಹಿತ್ತಿಲ ಗೋಡೆಗೆ ಗಿಲಾವು ಮಾಡಿಸಿದರು. ಗೌಂಡಿ ಸಂಜೆಯವರೆಗೆ ಕೆಲಸ ಮಾಡಿ, ಕಂಡಿಯ ಹತ್ತಿರ ಬಂದು, ಪಡಸಾಲೆಯಲ್ಲಿ ಪುರಾಣ ಓದುತ್ತಿದ್ದ ಮಾವನಿಗೆ ಕೂಗಿ ಕೇಳಿದ.

"ಯಜಮಾನ್ರ, ಈ ಕಂಡಿ ಮುಚ್ಚಲೇನ್ರಿ?"

ಮಾವ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ.

"ಅದರ ಮಾಲಕರು ಒಳಗ ಅದಾರ. ಅವರನ್ನ ಕೇಳು."